ಅವ್ವನ ಕೈಗೆ ಯಾವ ರಿಮೋಟ್: ಟಚ್ ಸ್ಕ್ರೀನೋ, ಬಟನ್ನೋ?

ನಿಜಲಿಂಗಪ್ಪ ಕಾಲೋನಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಟೀಪಾಯಿಯ ಮೇಲೆ ಈಗ ಐದು ರಿಮೋಟ್‌ಗಳಿವೆ: ಟಿವಿ, ಸೆಟ್ ಟಾಪ್ ಬಾಕ್ಸ್, ಸೌಂಡ್‌ಬಾರ್, ಎಸಿ ಮತ್ತು ಹೊಸದಾಗಿ ಹಾಕಿಸಿದ, ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್. ಐದನ್ನೂ ಎತ್ತಿಟ್ಟು ಒಂದೇ ಒಂದು ಯೂನಿವರ್ಸಲ್ ರಿಮೋಟ್ ತರಬೇಕೆಂದಿದ್ದೇನೆ. ಮಕ್ಕಳಿಗೆ ಟಚ್ ಸ್ಕ್ರೀನ್ ಇರುವುದು ಬೇಕು. ನನ್ನ ಹೆಂಡತಿ ಬಟನ್ ಇರುವುದೇ ಸರಿ ಎನ್ನುತ್ತಾಳೆ. ನನಗೆ ನಿರ್ಧರಿಸಲು ಆಗುತ್ತಿಲ್ಲ.

ಹಗಲು ಹೊತ್ತು ಮನೆಯಲ್ಲಿರುವವಳು ಅವ್ವ ಒಬ್ಬಳೇ. ವಯಸ್ಸು 71. ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷಗಳಿಂದ ಇದೆ. ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಕನ್ನಡವನ್ನು ನಿಧಾನವಾಗಿ ಓದುತ್ತಾಳೆ. ಮೊದಲೆಲ್ಲ ಯಾವುದೋ ಬಟನ್ ಒತ್ತಿ ಟಿವಿ ನಿಂತುಹೋದರೆ ಕಚೇರಿಗೆ ಫೋನ್ ಹಚ್ಚುತ್ತಿದ್ದಳು, ನಾನು ಹೇಳಿಕೊಡುತ್ತಿದ್ದೆ. ಈಚೆಗೆ ಫೋನ್ ಬರುವುದು ನಿಂತಿತ್ತು. ಕಲಿತುಕೊಂಡಳು ಎಂದು ಸಂತೋಷಪಟ್ಟೆ. ಒಂದು ಮಧ್ಯಾಹ್ನ ಯಾವುದೋ ಕಾಗದ ಮರೆತು ಮನೆಗೆ ಬಂದಾಗ ಟಿವಿಯಲ್ಲಿ ಸಿಗ್ನಲ್ ಇಲ್ಲವೆಂಬ ನೀಲಿ ಪರದೆ, ಅದರ ಎದುರು ಕುಳಿತು ಅವ್ವ ಬತ್ತಿ ಹೊಸೆಯುತ್ತಿದ್ದಳು. ಎಸಿ ಬಂದ್ ಆಗಿತ್ತು. ಹೊರಗೆ ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲು. ಏಕೆ ಫೋನ್ ಮಾಡಲಿಲ್ಲ ಎಂದರೆ, "ಪದೇ ಪದೇ ಹಚ್ಚಿದರೆ ನಿನ್ನ ಕೆಲಸಕ್ಕೆ ಅಡ್ಡಿ ಅಲ್ಲವೇನಪ್ಪಾ" ಎಂದಳು. ಅಂದಿನಿಂದ ಇದು ನನ್ನ ತಲೆಯಿಂದ ಹೋಗುತ್ತಿಲ್ಲ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಗಾಂಧಿನಗರ, ಬಳ್ಳಾರಿ

ಅಣ್ಣಾ, ಟಚ್ ಸ್ಕ್ರೀನ್ ಕಡೆಗೆ ನನ್ನ ಮತ. ಹೊಸ ಸಾಧನ ಕೊಳ್ಳಲೂ ಬೇಕಾಗಿಲ್ಲ. ಶಿಯೋಮಿ, ಪೋಕೊ ಕಂಪನಿಗಳ ಹಲವು ಫೋನ್‌ಗಳ ನೆತ್ತಿಯ ಮೇಲೆ, ರಿಮೋಟ್‌ನಲ್ಲಿರುವಂತಹದೇ, ಕಣ್ಣಿಗೆ ಕಾಣದ ಬೆಳಕಿನ ಇನ್ಫ್ರಾರೆಡ್ ದೀಪ ಇರುತ್ತದೆ. ರಿಮೋಟ್ ಆ್ಯಪ್ ತೆರೆದು ಟಿವಿಯ ಕಂಪನಿ ಆರಿಸಿದರೆ ಎರಡು ನಿಮಿಷದಲ್ಲಿ ಸಿದ್ಧ. ಎಸಿಗೂ ಅದೇ, ಫ್ಯಾನಿಗೂ ಅದೇ. ಬಟನ್ ರಿಮೋಟ್‌ನಲ್ಲಿ ನಲವತ್ತು ಗುಂಡಿಗಳಿದ್ದರೆ ಮೂವತ್ತನ್ನು ಯಾರೂ ಮುಟ್ಟುವುದಿಲ್ಲ, ಆದರೂ ಅವು ಅಲ್ಲೇ ಕುಳಿತು ದಾರಿ ತಪ್ಪಿಸುತ್ತವೆ. ಪರದೆಯಲ್ಲಾದರೆ ಎಸಿ ಬೇಕೆಂದಾಗ ಎಸಿಯ ಗುಂಡಿಗಳು ಮಾತ್ರ ಕಾಣುತ್ತವೆ. ಕತ್ತಲಲ್ಲಿ ತಾನೇ ಬೆಳಗುತ್ತದೆ. ಟಿವಿ ಬದಲಾಯಿಸಿದರೂ ಪಟ್ಟಿಯಲ್ಲಿ ಹೊಸದನ್ನು ಸೇರಿಸಿದರೆ ಆಯಿತು.

ನಿಜಲಿಂಗಪ್ಪ ಕಾಲೋನಿ, ರಾಯಚೂರು

ತಮ್ಮಾ, ಆ ಬಗೆಯ ಫೋನ್ ನನ್ನ ಮಗನ ಬಳಿ ಇದೆ. ಅವನು ಕಾಲೇಜಿಗೆ ಹೋದರೆ ಫೋನೂ ಅವನ ಜೊತೆ ಹೋಗುತ್ತದೆ. ಮನೆಯಲ್ಲಿ ಉಳಿಯುವವಳು ಅವ್ವ.

ರಿಪೇರಿ ಅಂಗಡಿ, ಕೊಪ್ಪಳ

ಹದಿನೇಳು ವರ್ಷಗಳಿಂದ ಟಿವಿ ಮತ್ತು ರಿಮೋಟ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಮೇಜಿನ ಮೇಲೆ ಬಂದದ್ದನ್ನು ಕಂಡು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಬಟನ್ ರಿಮೋಟ್ ಬಿಚ್ಚಿದರೆ ಒಳಗೆ ಒಂದು ರಬ್ಬರ್ ಪ್ಯಾಡ್ ಇರುತ್ತದೆ. ಪ್ರತಿ ಗುಂಡಿಯ ಕೆಳಗೆ ಕಪ್ಪು ಕಾರ್ಬನ್ ಚುಕ್ಕೆ. ಒತ್ತಿದಾಗ ಆ ಚುಕ್ಕೆ ಬೋರ್ಡಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಆಗ ಮುಂದಿನ ಎಲ್‌ಇಡಿ ಕಣ್ಣಿಗೆ ಕಾಣದ ಬೆಳಕನ್ನು, ಸಾಮಾನ್ಯವಾಗಿ 940 ನ್ಯಾನೊಮೀಟರ್‌ನದನ್ನು, ಸೆಕೆಂಡಿಗೆ ಸುಮಾರು 38,000 ಸಲ ಮಿಣುಕಿಸುತ್ತದೆ. ಆ ಮಿಣುಕನ್ನು ಬಿಟ್ಟು ಬಿಟ್ಟು ಕಳಿಸುವ ಲಯವೇ ಸಂಕೇತ. ರಿಮೋಟ್ ಎಂದರೆ ಇಷ್ಟೇ. ಹಾಗಾಗಿ ಕೆಡುವ ಜಾಗಗಳೂ ಕೆಲವೇ. ಎಣ್ಣೆಗೈ, ಧೂಳು ಸೇರಿ ಪ್ಯಾಡ್ ಜಿಡ್ಡಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಮತ್ತೆ ನಡೆಯುತ್ತದೆ. ಹಳೆಯ ಸೆಲ್ ಸೋರಿ ಸ್ಪ್ರಿಂಗ್ ಹಸಿರುಗಟ್ಟಿದರೆ ಕೆರೆದು ಸರಿಮಾಡಬಹುದು. ಎತ್ತರದಿಂದ ಬಿದ್ದು ಪೂರ್ತಿ ಸತ್ತಿದ್ದರೆ ಅನೇಕ ಸಲ ಒಳಗೆ ಲಯ ಹಿಡಿಯುವ ರೆಸೊನೇಟರ್ ಎಂಬ ಸಣ್ಣ ಭಾಗದ ಕಾಲು ಕಿತ್ತಿರುತ್ತದೆ, ಒಂದು ಹನಿ ಬೆಸುಗೆ ಸಾಕು.

ರಿಮೋಟ್ ಕೆಟ್ಟಿದೆಯೋ ಟಿವಿ ಕೆಟ್ಟಿದೆಯೋ ತಿಳಿಯಲು ಅಂಗಡಿಗೆ ಬರಬೇಕಾಗಿಲ್ಲ. ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟ್‌ನ ಮೂತಿಯನ್ನು ಅದಕ್ಕೆ ತೋರಿಸಿ ಬಟನ್ ಒತ್ತಿ. ಎಲ್‌ಇಡಿ ನೇರಳೆ ಬಿಳುಪಾಗಿ ಮಿನುಗಿದರೆ ರಿಮೋಟ್ ಬದುಕಿದೆ. ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಗಾಜು ಇರುವುದರಿಂದ ಎಷ್ಟೋ ಫೋನ್‌ಗಳಲ್ಲಿ ಅದು ಕಾಣುವುದಿಲ್ಲ.

ಟಚ್ ಇರುವ ರಿಮೋಟ್ ಬಿದ್ದು ಗಾಜು ಸೀಳಿದರೆ ನಾನು ಕೈ ಚೆಲ್ಲುತ್ತೇನೆ. ಆ ಅಳತೆಯ ಪರದೆ ಬಿಡಿಯಾಗಿ ನನಗೆ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು ಬೆರಳಿನದು. ಈಗಿನ ಟಚ್ ಪರದೆಗಳು ಒತ್ತಡವನ್ನು ಗುರುತಿಸುವುದಿಲ್ಲ, ಚರ್ಮ ಹತ್ತಿರ ಬಂದಾಗ ಆಗುವ ವಿದ್ಯುತ್ತಿನ ಸಣ್ಣ ಬದಲಾವಣೆಯನ್ನು ಗುರುತಿಸುತ್ತವೆ. ಚರ್ಮ ಒಣಗಿ ದಪ್ಪಗಟ್ಟಿದ್ದರೆ ಅದು ದುರ್ಬಲವಾಗುತ್ತದೆ, ಬೆವರು ನೀರು ಇದ್ದರೆ ಗೊಂದಲವಾಗುತ್ತದೆ. ಹತ್ತಿ ಬಿಡಿಸಿದ, ಕಳೆ ಕಿತ್ತ ಕೈಗಳವರು ನನ್ನ ಅಂಗಡಿಯಲ್ಲಿ ಮೊಬೈಲ್ ಪರದೆಯನ್ನು ಮೂರು ನಾಲ್ಕು ಸಲ ಕುಕ್ಕುವುದನ್ನು ದಿನಾ ನೋಡುತ್ತೇನೆ. ತಮಗೆ ಬಳಸಲು ಬರುವುದಿಲ್ಲ ಎಂದು ಅವರೇ ನಾಚಿಕೊಳ್ಳುತ್ತಾರೆ. ತಪ್ಪು ಅವರದಲ್ಲ.

ಅಕ್ಕಿ ಗಿರಣಿ ಓಣಿ, ಗಂಗಾವತಿ

ರಿಪೇರಿಯ ಅಣ್ಣನವರು ಹೇಳಿದ್ದು ಒಪ್ಪುತ್ತೇನೆ, ಆದರೆ ಇನ್ನೊಂದು ಬದಿಯೂ ಇದೆ. ನಮ್ಮ ಅತ್ತೆಯವರಿಗೆ ಬಟನ್ ರಿಮೋಟ್‌ನಿಂದಲೇ ಕಷ್ಟವಾಗಿತ್ತು. ಅದರ ಮೇಲಿರುವುದೆಲ್ಲ ಇಂಗ್ಲಿಷ್. ಸೋರ್ಸ್, ಮೆನು, ಎಕ್ಸಿಟ್ ಎಂದು ಸಾಸಿವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ. ಕನ್ನಡ ಓದಬಲ್ಲ, ಲೆಕ್ಕ ಬಲ್ಲ, ಗಿರಣಿಯ ಕೂಲಿ ಹಂಚಿಕೆಯನ್ನೇ ಒಂದು ಕಾಲಕ್ಕೆ ನಡೆಸಿದ ಹೆಂಗಸು ತಮ್ಮ ಮನೆಯ ಟಿವಿಯ ಮುಂದೆ ಅನಕ್ಷರಸ್ಥೆಯಾಗಿ ಕೂರಬೇಕಾಗಿತ್ತು. ನನಗೆ ಅದು ಬಹಳ ನೋಯಿಸಿತು.

ಮೂಲೆಗೆ ಬಿದ್ದಿದ್ದ ಹಳೆಯ ಫೋನ್ ಒಂದರಲ್ಲಿ ಇನ್ಫ್ರಾರೆಡ್ ದೀಪ ಇತ್ತು. ಗುಂಡಿಗಳಿಗೆ ನಾವೇ ಹೆಸರು ಕೊಡಬಹುದಾದ ಆ್ಯಪ್ ಹಾಕಿದೆವು. "ಟಿವಿ ಹಚ್ಚು", "ಸದ್ದು ಹೆಚ್ಚು", "ಸದ್ದು ಕಡಿಮೆ", "ತಂಪು" ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಆರೇ ಗುಂಡಿಗಳು. ಸಿಮ್ ತೆಗೆದೆವು, ಲಾಕ್ ತೆಗೆದೆವು. ಅತ್ತೆಯವರು ಎರಡನೆಯ ದಿನದಿಂದ ತಾವೇ ನಡೆಸುತ್ತಿದ್ದಾರೆ. ಹಾಗಾಗಿ ಹಿರಿಯರಿಗೆ ಟಚ್ ಆಗುವುದೇ ಇಲ್ಲ ಎನ್ನಬೇಡಿ. ಭಾಷೆಯ ಲೆಕ್ಕವನ್ನೂ ಹಿಡಿಯಿರಿ.

ಗಾಂಧಿನಗರ, ಬಳ್ಳಾರಿ

ಅಕ್ಕಾ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಚಾರ್ಜ್ ಎಷ್ಟು ದಿನ ಬರುತ್ತದೆ?

ಅಕ್ಕಿ ಗಿರಣಿ ಓಣಿ, ಗಂಗಾವತಿ

ಎರಡು ದಿನ. ರಾತ್ರಿ ಚಾರ್ಜಿಗೆ ಹಾಕುವುದು ನನ್ನ ಕೆಲಸ. ನಾನು ಊರಿಗೆ ಹೋದಾಗ ಮಾತ್ರ ಮರೆಯುತ್ತಾರೆ.

ಮಾನ್ವಿಯ ಶಿಕ್ಷಕ

ನನಗೆ ದೃಷ್ಟಿ ಬಹುಪಾಲು ಹೋಗಿದೆ. ಬೆಳಕು ಮತ್ತು ದೊಡ್ಡ ಆಕಾರಗಳು ಮಾತ್ರ ತಿಳಿಯುತ್ತವೆ. ಮೊಬೈಲ್ ಬಳಸುತ್ತೇನೆ, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಪರದೆಯಲ್ಲಿರುವುದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ, ಈ ಚರ್ಚೆಯನ್ನೂ ಹಾಗೆಯೇ ಕೇಳಿಸಿಕೊಂಡೆ. ಆದ್ದರಿಂದ ಟಚ್ ಪರದೆಗೆ ನಾನು ವೈರಿಯಲ್ಲ. ಆದರೂ ಟಿವಿಗೆ ಬಟನ್ ರಿಮೋಟ್ ಅನ್ನೇ ಹಿಡಿಯುತ್ತೇನೆ.

ನಿಮ್ಮ ರಿಮೋಟ್‌ನಲ್ಲಿ 5ರ ಗುಂಡಿಯನ್ನು ಮುಟ್ಟಿ ನೋಡಿ. ಬಹುತೇಕ ರಿಮೋಟ್‌ಗಳಲ್ಲಿ ಅದರ ಮೇಲೆ ಒಂದು ಉಬ್ಬಿದ ಚುಕ್ಕೆ ಅಥವಾ ಗೆರೆ ಇರುತ್ತದೆ. ಹಳೆಯ ಕೀಪ್ಯಾಡ್ ಮೊಬೈಲ್‌ನಲ್ಲೂ ಇತ್ತು. ಹೆಬ್ಬೆರಳು ಆ ಚುಕ್ಕೆಯ ಮೇಲೆ ಕೂತರೆ ಸುತ್ತಲಿನ ಎಂಟು ಅಂಕಿಗಳ ದಿಕ್ಕು ತಾನಾಗಿ ತಿಳಿಯುತ್ತದೆ. ಕಣ್ಣಿರುವವರೂ ಕಣ್ಣನ್ನು ಟಿವಿಯ ಮೇಲೆ ಇಟ್ಟುಕೊಂಡೇ ಸದ್ದು ಹೆಚ್ಚಿಸುತ್ತಾರೆ, ಗಮನಿಸಿ. ಟಚ್ ಪರದೆಯಲ್ಲಿ ಆ ಸೌಕರ್ಯ ಇಲ್ಲ, ಗಾಜು ಎಲ್ಲ ಕಡೆಯೂ ಒಂದೇ. ಟಾಕ್‌ಬ್ಯಾಕ್ ಇದ್ದರೆ ಗುಂಡಿಯನ್ನು ಮೊದಲು ಹುಡುಕಬೇಕು, ಹೆಸರು ಕೇಳಿಸಿಕೊಳ್ಳಬೇಕು, ಎರಡು ಸಲ ತಟ್ಟಬೇಕು. ಟಿವಿಯ ಸದ್ದು ಜೋರಾಗಿದ್ದಾಗಲೇ ಸದ್ದು ಇಳಿಸಬೇಕಾಗುವುದು, ಆಗಲೇ ಫೋನಿನ ಮಾತು ಕೇಳಿಸುವುದಿಲ್ಲ.

ರಾಯಚೂರಿನ ಸರ್, ನಿಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು ಎಂದಿರಿ. ಬೆರಳ ತುದಿ ಜೋಮು ಹಿಡಿದಂತೆ ಇರುತ್ತದೆಯೇ ಎಂದು ಒಮ್ಮೆ ಕೇಳಿ. ಹಾಗಿದ್ದರೆ ಬಟನ್ ಇದ್ದರಷ್ಟೇ ಸಾಲದು. ಸೌಂಡ್‌ಬಾರ್ ಜೊತೆ ಕೊಡುವ ಕಾರ್ಡಿನಷ್ಟು ತೆಳ್ಳಗಿನ ರಿಮೋಟ್‌ನ ಗುಂಡಿಗಳು ಚರ್ಮದ ಮೇಲೆ ಏಳುವುದೇ ಇಲ್ಲ, ಅದು ಟಚ್ ಪರದೆಗಿಂತಲೂ ಕೆಟ್ಟದ್ದು. ಗುಂಡಿ ಎತ್ತರ ಇರಬೇಕು, ಒಂದಕ್ಕೊಂದು ದೂರ ಇರಬೇಕು, ಒತ್ತಿದಾಗ ಕೆಳಗಿಳಿದದ್ದು ಗೊತ್ತಾಗಬೇಕು.

ನಿಜಲಿಂಗಪ್ಪ ಕಾಲೋನಿ, ರಾಯಚೂರು

ಮೇಷ್ಟ್ರೇ, ಕೇಳಿದೆ. "ಬೆರಳಿಗೆ ಬಟ್ಟೆ ಸುತ್ತಿದ ಹಾಗೆ ಇರುತ್ತದೆ" ಎಂದಳು. ಎರಡು ವರ್ಷದಿಂದ ಹೀಗಿದೆಯಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಸೋಮವಾರ ವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದೇನೆ. ಕೇಳಿ ಎಂದದ್ದಕ್ಕೆ ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಶಕ್ತಿನಗರ

ವೈಫೈ ಮೂಲಕ ನಡೆಯುವ ಇನ್ಫ್ರಾರೆಡ್ ಹಬ್ ಬಗ್ಗೆ ಯಾರಾದರೂ ಸಲಹೆ ಕೊಡುವ ಮೊದಲು ನಾನು ಒಂದು ಮಾತು ಹೇಳಿಬಿಡುತ್ತೇನೆ. ಮೂಲೆಯಲ್ಲಿ ಒಂದು ಸಣ್ಣ ಡಬ್ಬಿ ಇಟ್ಟು ಫೋನಿನಿಂದ ಎಲ್ಲವನ್ನೂ ನಡೆಸುವ ಏರ್ಪಾಡು ನಮ್ಮಲ್ಲಿ ಒಂದು ವರ್ಷ ಇತ್ತು. ಶಾಖೋತ್ಪನ್ನ ಸ್ಥಾವರದ ಪಕ್ಕದಲ್ಲೇ ಮನೆ, ಆದರೂ ಕರೆಂಟ್ ಹೋಗುತ್ತದೆ. ಹೋಗಿ ಬಂದಮೇಲೆ ರೌಟರ್ ಏಳಬೇಕು, ಹಬ್ ಏಳಬೇಕು, ಎರಡೂ ಕೈ ಕುಲುಕಬೇಕು. ಅಷ್ಟರವರೆಗೆ ಎಸಿ ಹಾಕಲು ಆಗುವುದಿಲ್ಲ. ಎರಡು ಸೆಲ್‌ಗಳ ಬಟನ್ ರಿಮೋಟ್‌ಗೆ ಯಾರ ಅಪ್ಪಣೆಯೂ ಬೇಡ.

ಒಂದೇ ಗುಂಡಿಗೆ ಟಿವಿ, ಬಾಕ್ಸ್, ಸೌಂಡ್‌ಬಾರ್ ಮೂರನ್ನೂ ಕಟ್ಟುವ ಸೌಲಭ್ಯವೂ ನೋಡಲು ಚೆಂದ, ಆದರೆ ಎಚ್ಚರ. ಬಹುತೇಕ ಸಾಧನಗಳಲ್ಲಿ ಹಚ್ಚುವುದಕ್ಕೂ ಆರಿಸುವುದಕ್ಕೂ ಒಂದೇ ಸಂಕೇತ. ಕರೆಂಟ್ ಬಂದಾಗ ನಮ್ಮ ಬಾಕ್ಸ್ ತಾನೇ ಹೊತ್ತಿಕೊಳ್ಳುತ್ತದೆ, ಟಿವಿ ಮಲಗಿರುತ್ತದೆ. ಆಗ ಆ ಒಂದು ಗುಂಡಿ ಒತ್ತಿದರೆ ಟಿವಿ ಹೊತ್ತಿ ಬಾಕ್ಸ್ ಆರುತ್ತದೆ. ಮತ್ತೆ ಒತ್ತಿದರೆ ತಿರುವುಮುರುವು. ನನ್ನ ತಂದೆಯವರು ಅರ್ಧ ತಾಸು ಇದರ ಜೊತೆ ಗುದ್ದಾಡಿ ಕೊನೆಗೆ ಗೋಡೆಯ ಸ್ವಿಚ್ ಆರಿಸಿ ಮಲಗಿದ್ದರು.

ಸಿಂಧನೂರು

ಒಂದು ಸಣ್ಣ ಸೂಚನೆ. ಟಿವಿಗೆ ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಹಾಕಿದ್ದರೆ ಸಾಮಾನ್ಯ ಯೂನಿವರ್ಸಲ್ ರಿಮೋಟ್ ಅದನ್ನು ನಡೆಸುವುದಿಲ್ಲ. ಅದರದು ಬ್ಲೂಟೂತ್, ಇನ್ಫ್ರಾರೆಡ್ ಅಲ್ಲ. ಕೊಳ್ಳುವ ಮೊದಲು ಮನೆಯಲ್ಲಿ ಯಾವುದಕ್ಕೆ ಯಾವುದೆಂದು ನೋಡಿಕೊಳ್ಳಿ.

ಗಾಂಧಿನಗರ, ಬಳ್ಳಾರಿ

ಇಷ್ಟು ಓದಿದ ಮೇಲೆ ಸ್ವಲ್ಪ ಹುಡುಕಾಡಿದೆ. ಫಿಲಿಪ್ಸ್ 1998ರಲ್ಲಿ ಪ್ರಾಂಟೊ ಎಂಬ ಟಚ್ ಪರದೆಯ ರಿಮೋಟ್ ತಂದಿತ್ತು, 2010ರಲ್ಲಿ ಆ ವ್ಯವಹಾರವನ್ನೇ ಮುಚ್ಚಿತು. ಲಾಜಿಟೆಕ್‌ನ ಹಾರ್ಮನಿ ರಿಮೋಟ್‌ಗಳು ಪ್ರಪಂಚದೆಲ್ಲೆಡೆ ಹೆಸರಾಗಿದ್ದವು, 2021ರಲ್ಲಿ ಅವುಗಳ ತಯಾರಿಕೆಯೂ ನಿಂತಿತು. ನನ್ನ ಗಮನ ಸೆಳೆದ ಸಂಗತಿ ಬೇರೆ: ಹಾರ್ಮನಿ ಎಲೈಟ್‌ನಂತಹ ದುಬಾರಿ ಟಚ್ ರಿಮೋಟ್‌ನಲ್ಲೂ ಸದ್ದು, ಚಾನೆಲ್, ಬಾಣದ ಗುರುತುಗಳಿಗೆ ನಿಜವಾದ ಗುಂಡಿಗಳನ್ನೇ ಉಳಿಸಿಕೊಂಡಿದ್ದರು. ಪರದೆಯನ್ನೇ ಮಾರಲು ಹೊರಟವರೂ ಸದ್ದಿನ ಗುಂಡಿಯನ್ನು ಗಾಜಿನ ಮೇಲೆ ಹಾಕಲು ಧೈರ್ಯ ಮಾಡಲಿಲ್ಲ. ನನ್ನ ಮೊದಲ ಮಾತನ್ನು ತಿದ್ದಿಕೊಳ್ಳುತ್ತೇನೆ. ನನ್ನ ಕೈಗೆ ಟಚ್ ಸರಿ, ಅಣ್ಣನ ಅವ್ವನವರಿಗೆ ಅಲ್ಲ.

ಇನ್ನೊಂದು ಉಪಾಯ. ಸೌಂಡ್‌ಬಾರ್‌ಗೆ ರಿಮೋಟ್ ಬೇಕೇ ಆಗಿಲ್ಲ. ಟಿವಿಯ ಹಿಂದೆ ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ಕಿಂಡಿಗೆ ಅದನ್ನು ಜೋಡಿಸಿ, ಸೆಟ್ಟಿಂಗ್‌ನಲ್ಲಿ ಸಿಇಸಿ, ಅಂದರೆ ಜೋಡಿಸಿದ ಸಾಧನಗಳು ಒಂದನ್ನೊಂದು ನಡೆಸುವ ಸೌಲಭ್ಯ, ಚಾಲೂ ಮಾಡಿ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಸೌಂಡ್‌ಬಾರ್‌ನಲ್ಲೂ ಈ ಸೌಲಭ್ಯ ಇದ್ದರೆ ಟಿವಿ ಹಚ್ಚಿದರೆ ಅದೂ ಹೊತ್ತುತ್ತದೆ, ಟಿವಿಯ ಸದ್ದಿನ ಗುಂಡಿಯೇ ಅದಕ್ಕೂ ನಡೆಯುತ್ತದೆ.

ನಿಜಲಿಂಗಪ್ಪ ಕಾಲೋನಿ, ರಾಯಚೂರು

ಸೌಂಡ್‌ಬಾರ್ ಹಾಗೆಯೇ ಜೋಡಿಸಿದೆ, ಕೆಲಸ ಮಾಡಿತು. ಐದರಲ್ಲಿ ಒಂದು ಕಡಿಮೆಯಾಯಿತು. ಬೇರೆ ರಿಮೋಟ್‌ಗಳ ಸಂಕೇತವನ್ನು ಕಲಿತುಕೊಳ್ಳುವ, ದೊಡ್ಡ ಗುಂಡಿಗಳ ಲರ್ನಿಂಗ್ ರಿಮೋಟ್ ಒಂದನ್ನೂ ತಂದೆ. ಟಿವಿ, ಬಾಕ್ಸ್, ಫ್ಯಾನ್ ಮೂರನ್ನೂ ಕಲಿತಿದೆ. ಎಸಿ ಮಾತ್ರ ಕಲಿಯುತ್ತಿಲ್ಲ. ಕೊಪ್ಪಳದ ಅಣ್ಣನವರೇ, ಇದು ಏಕೆ?

ರಿಪೇರಿ ಅಂಗಡಿ, ಕೊಪ್ಪಳ

ಎಸಿಯ ರಿಮೋಟ್ ಬೇರೆ ಜಾತಿಯದು. ಟಿವಿ ರಿಮೋಟ್ "ಸದ್ದು ಒಂದು ಹೆಜ್ಜೆ ಹೆಚ್ಚು" ಎಂದಷ್ಟೇ ಹೇಳುತ್ತದೆ. ಹೆಚ್ಚು ಬಳಕೆಯಲ್ಲಿರುವ ಎನ್‌ಇಸಿ ಎಂಬ ಸಂಕೇತ ಪದ್ಧತಿಯಲ್ಲಿ ಆ ಮಾತು 32 ಬಿಟ್‌ಗಳಲ್ಲಿ, ಅಂದರೆ 32 ಸೊನ್ನೆ ಒಂದುಗಳಲ್ಲಿ, ಮುಗಿಯುತ್ತದೆ. ಎಸಿಯ ರಿಮೋಟ್ ಪ್ರತಿ ಸಲವೂ ಇಡೀ ವರದಿ ಒಪ್ಪಿಸುತ್ತದೆ: ಚಾಲೂ ಇರು, ತಂಪು ಮಾಡು, 26 ಡಿಗ್ರಿ, ಫ್ಯಾನ್ ಇಷ್ಟು ವೇಗ, ರೆಕ್ಕೆ ಹೀಗೆ. ಅದಕ್ಕೇ ಎಸಿ ರಿಮೋಟ್‌ಗೆ ಸಣ್ಣ ಪರದೆ ಇರುವುದು, ನೆನಪು ಇರುವುದು ರಿಮೋಟ್‌ನಲ್ಲೇ. ಆ ವರದಿ ಉದ್ದವಾದ್ದರಿಂದ ಅಗ್ಗದ ಲರ್ನಿಂಗ್ ರಿಮೋಟ್‌ನ ನೆನಪಿನಲ್ಲಿ ಹಿಡಿಸುವುದಿಲ್ಲ. ಎಸಿಯನ್ನೂ ಕಲಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ರಿಮೋಟ್‌ಗೆ ಬದಲಾಯಿಸಿಕೊಳ್ಳಿ.

ಕಲಿಸುವಾಗ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬಿಸಿಲಿನಿಂದ ದೂರ ಕೂತುಕೊಳ್ಳಿ. ಎರಡೂ ರಿಮೋಟ್‌ಗಳ ಮೂತಿಗಳನ್ನು ಎದುರುಬದುರು ಮೇಜಿನ ಮೇಲೆ ಇಡಿ, ನಡುವೆ ಎರಡು ಮೂರು ಬೆರಳು ಅಂತರ ಇರಲಿ. ಎಸಿ ರಿಮೋಟ್‌ನಲ್ಲಿ ಮೊದಲು 26 ಡಿಗ್ರಿ, ತಂಪು, ಬೇಕಾದ ಫ್ಯಾನ್ ವೇಗ ಎಲ್ಲ ಹೊಂದಿಸಿ, ಆಮೇಲೆ ಆರಿಸಿ, ಆಮೇಲೆ ಹಚ್ಚುವ ಗುಂಡಿಯನ್ನು ಕಲಿಸಿ. ಆರಿಸುವುದನ್ನು ಇನ್ನೊಂದು ಗುಂಡಿಗೆ ಬೇರೆಯಾಗಿ ಕಲಿಸಿ. ಇದರಿಂದ ಡಿಗ್ರಿ ಏರಿಳಿಸಲು ಆಗುವುದಿಲ್ಲ ಎಂದು ಕೆಲವರು ದೂರುತ್ತಾರೆ. ನಿಮ್ಮ ಅವ್ವನವರಿಗೆ ಅದೇ ಒಳ್ಳೆಯದು. ಒತ್ತಿದಾಗಲೆಲ್ಲ 26ಕ್ಕೇ ಬರುತ್ತದೆ, ಎಷ್ಟು ಸಲ ಒತ್ತಿದರೂ ಕೆಡುವುದಿಲ್ಲ. ಶಕ್ತಿನಗರದವರು ಹೇಳಿದ ತಿರುವುಮುರುವು ಇಲ್ಲಿ ಆಗುವುದೇ ಇಲ್ಲ.

ಇನ್ನೊಂದು ಮುಖ್ಯ ಮಾತು. ಟಿವಿ ಯಾವ ಕಿಂಡಿಯ ಚಿತ್ರ ತೋರಿಸಬೇಕೆಂದು ಬದಲಾಯಿಸುವ ಸೋರ್ಸ್ ಗುಂಡಿಗೆ ಏನನ್ನೂ ಕಲಿಸಬೇಡಿ. ಮೆನು ಗುಂಡಿಗೂ ಬೇಡ. ನೀಲಿ ಪರದೆ ಬರುವುದು ಹೆಚ್ಚಾಗಿ ಸೋರ್ಸ್ ಒತ್ತಿದ್ದರಿಂದ. ಕಲಿಸದ ಗುಂಡಿ ಬರಿಯ ರಬ್ಬರ್, ಅದನ್ನು ದಿನವಿಡೀ ಒತ್ತಿದರೂ ಟಿವಿ ಕದಲುವುದಿಲ್ಲ.

ಮಾನ್ವಿಯ ಶಿಕ್ಷಕ

ಇದು ಬಹಳ ಒಳ್ಳೆಯ ಮಾತು. ಏನನ್ನು ಕಲಿಸಬಾರದು ಎಂದು ನಾನೂ ಯೋಚಿಸಿರಲಿಲ್ಲ. ನನ್ನ ರಿಮೋಟ್‌ನಲ್ಲೂ ಇವತ್ತೇ ಮಾಡಿಸುತ್ತೇನೆ.

ಅಕ್ಕಿ ಗಿರಣಿ ಓಣಿ, ಗಂಗಾವತಿ

ಅಕ್ಷರದ ಬದಲಿಗೆ ಟಿಕಳಿ ಹಚ್ಚಿ ಅಣ್ಣಾ. ಟಿವಿಗೆ ಕೆಂಪು ದೊಡ್ಡದು, ಎಸಿ ಹಚ್ಚಲು ಹಸಿರು, ಆರಿಸಲು ಕಪ್ಪು. ಮಖಮಲ್ಲಿನ ಟಿಕಳಿ ಬೆರಳಿಗೂ ತಿಳಿಯುತ್ತದೆ. ಬಣ್ಣವನ್ನು ಅವ್ವನವರೇ ಆರಿಸಲಿ, ಆಗ ಮರೆಯುವುದಿಲ್ಲ.

ನಿಜಲಿಂಗಪ್ಪ ಕಾಲೋನಿ, ರಾಯಚೂರು

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ರಿಮೋಟ್ ಬದಲಾಯಿಸಿದೆ, ಹೊಸದು ಎಸಿಯನ್ನು ಎರಡನೆಯ ಪ್ರಯತ್ನದಲ್ಲಿ ಕಲಿಯಿತು. ಮೊದಲ ಸಲ ಕಿಟಕಿಯ ಪಕ್ಕ ಕೂತು ಕಲಿಸಿದ್ದೆ, ಕೊಪ್ಪಳದ ಅಣ್ಣನವರ ಮಾತು ಮರೆತು. ಒಟ್ಟು ಒಂಬತ್ತು ಗುಂಡಿಗಳಿಗೆ ಜೀವ ಕೊಟ್ಟಿದ್ದೇವೆ. ಸೋರ್ಸ್‌ಗೆ ಇಲ್ಲ. ಹಳೆಯ ಐದು ರಿಮೋಟ್‌ಗಳನ್ನು ಸೆಲ್ ತೆಗೆದು, ಕವರಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ. ಮಗ ತನ್ನ ಫೋನಿನಿಂದಲೇ ನಡೆಸುತ್ತಾನೆ, ಅದಕ್ಕೂ ನನ್ನ ತಕರಾರಿಲ್ಲ.

ಟಿಕಳಿಯನ್ನು ಅವ್ವನೇ ಆರಿಸಿದಳು. ಟಿವಿಗೆ ಹಸಿರು, ಎಸಿಗೆ ಕೆಂಪು. ಏಕೆಂದು ಕೇಳಿದರೆ, ಬಿಸಿಲು ನೆನಪಾದಾಗ ಕೆಂಪು ಒತ್ತಬೇಕು ಎಂದಳು. ನಾನು ಹಚ್ಚಿದ್ದರೆ ತಿರುವು ಹಚ್ಚುತ್ತಿದ್ದೆ. ವೈದ್ಯರು ಬೆರಳಿನ ನರಗಳಿಗೆ ಮಾತ್ರೆ ಕೊಟ್ಟಿದ್ದಾರೆ, ಕಾಲನ್ನೂ ದಿನಾ ನೋಡಿಕೊಳ್ಳಲು ಹೇಳಿದ್ದಾರೆ.

ಒಂದೇ ತೊಂದರೆ. ಬೆವರಿಗೆ ಟಿಕಳಿ ಮೂರು ದಿನಕ್ಕೆ ಏಳುತ್ತಿದೆ.

ರಿಪೇರಿ ಅಂಗಡಿ, ಕೊಪ್ಪಳ

ಟಿಕಳಿಯ ಜಾಗದಲ್ಲಿ ಅದೇ ಬಣ್ಣದ ಉಗುರು ಬಣ್ಣವನ್ನು ಒಂದು ಹನಿ ಬಿಡಿ. ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಹನಿ. ಮೂರು ಹನಿಗೆ ಚುಕ್ಕೆ ಉಬ್ಬುತ್ತದೆ. ಗುಂಡಿಯ ಅಂಚಿಗೆ ಹರಿಯದಂತೆ ನೋಡಿಕೊಳ್ಳಿ, ಹರಿದರೆ ಗುಂಡಿ ಕವಚಕ್ಕೆ ಅಂಟುತ್ತದೆ.

ನಿಜಲಿಂಗಪ್ಪ ಕಾಲೋನಿ, ರಾಯಚೂರು

ಈಗಷ್ಟೇ ಮಗಳು ಎರಡನೆಯ ಹನಿ ಬಿಟ್ಟಳು. ಒಣಗುವವರೆಗೆ ಯಾರೂ ಮುಟ್ಟಬಾರದೆಂದು ಅವ್ವ ರಿಮೋಟ್ ಅನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಟಿವಿ ಬಿಟ್ಟು ಅದರ ಪಕ್ಕದಲ್ಲೇ ಕುಳಿತಿದ್ದಾಳೆ.